ಮನೆಯ ಗಣಕಯಂತ್ರ ಚಾಲೂ ಆಗದಿದ್ದಾಗ: ಕಾರಣಗಳು ಹಾಗೂ ಪರಿಹಾರೋಪಾಯಗಳು

ಬಿತ್ತಿದ ಎಂಟು ದಿನಗಳಾದರೂ ಜೋಳ ನಾಟದಿದ್ದರೆ ಅನುಭವಿ ರೈತರು ಕೂಡಲೇ ಬೀಜವನ್ನು ದೂರುವುದಿಲ್ಲ. ಸಾಲನ್ನು ಕೆದರಿ ನೋಡುತ್ತಾರೆ. ತೇವ ಸಾಕಷ್ಟಿತ್ತೇ, ಬೀಜ ಹೆಚ್ಚು ಆಳಕ್ಕೆ ಬಿದ್ದಿದೆಯೇ, ಮಳೆಯ ನಂತರ ಮಣ್ಣು ಹೆಪ್ಪುಗಟ್ಟಿದೆಯೇ, ಇರುವೆ ಹೊತ್ತಿವೆಯೇ ಎಂದು ಒಂದೊಂದಾಗಿ ಪರೀಕ್ಷಿಸಿ, ಎಲ್ಲಕ್ಕೂ ಕೊನೆಯಲ್ಲಿ ಬೀಜದ ಗುಣವನ್ನು ಸಂಶಯಿಸುತ್ತಾರೆ. ಮನೆಯಲ್ಲಿರುವ ಗಣಕಯಂತ್ರ ಅಥವಾ ಕಂಪ್ಯೂಟರ್ ಚಾಲೂ ಆಗದಿದ್ದಾಗಲೂ ಇದೇ ಕ್ರಮವನ್ನು ಅನುಸರಿಸುವುದು ಲಾಭದಾಯಕ. ಸುಲಭವಾದ ಹಾಗೂ ಖರ್ಚಿಲ್ಲದ ಪರೀಕ್ಷೆಗಳನ್ನು ಮೊದಲು ಮಾಡಿ, ಖರ್ಚಿನವುಗಳನ್ನು ಕೊನೆಗೆ ಇಟ್ಟುಕೊಳ್ಳಬೇಕು.

ಗದಗ ತಾಲೂಕಿನ ನಾಗಾವಿ ಹಾಗೂ ಸುತ್ತಲಿನ ಗ್ರಾಮಗಳಲ್ಲಿ ಇಂದು ಗಣಕಯಂತ್ರ ಅಪರೂಪದ ವಸ್ತುವಾಗಿ ಉಳಿದಿಲ್ಲ. ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದ ಆವರಣವೇ ನಾಗಾವಿಯಲ್ಲಿದೆ. ಮಕ್ಕಳ ಅಭ್ಯಾಸ, ಭೂಮಿ ತಂತ್ರಾಂಶದಿಂದ ಉತಾರ ನೋಡುವುದು, ಫ್ರೂಟ್ಸ್ ನೋಂದಣಿಯ ವಿವರ, ಬೆಳೆ ವಿಮೆಯ ಅರ್ಜಿ, ಸ್ವಸಹಾಯ ಸಂಘದ ಲೆಕ್ಕ, ಶೇಂಗಾ ಹಾಗೂ ಕಡಲೆಯ ಪೇಟೆ ಧಾರಣೆ, ಹೀಗೆ ಅನೇಕ ಕೆಲಸಗಳು ಅದರ ಮೂಲಕ ನಡೆಯುತ್ತವೆ. ಅರ್ಜಿಯ ಕೊನೆಯ ದಿನದಂದೇ ಯಂತ್ರ ಕೈಕೊಟ್ಟರೆ ಆಗುವ ಹಾನಿ ದುರುಸ್ತಿಯ ಖರ್ಚಿಗಿಂತ ದೊಡ್ಡದು.

ಸಂಘ ಸಂಸ್ಥೆಗಳ ಮಟ್ಟದಲ್ಲಿಯೂ ಈ ವಿಷಯಕ್ಕೆ ಮಹತ್ವವಿದೆ. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಹಕಾರಿ ಪತ್ತಿನ ಸಂಘ ಆರಂಭವಾದಾಗ ಲೆಕ್ಕವೆಲ್ಲ ಕೈಬರಹದ ಪುಸ್ತಕಗಳಲ್ಲಿಯೇ ಇತ್ತು. 2022ರ ಜೂನ್‌ನಲ್ಲಿ ಕೇಂದ್ರ ಸರಕಾರವು ದೇಶದ ಸುಮಾರು 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಒಪ್ಪಿಗೆ ನೀಡಿತು. ಪುಸ್ತಕವನ್ನು ಕಂದೀಲು ಬೆಳಕಿನಲ್ಲಿಯೂ ತೆರೆಯಬಹುದಾಗಿತ್ತು. ಗಣಕಯಂತ್ರ ತೆರೆಯಬೇಕಾದರೆ ಅದರ ಅನೇಕ ಭಾಗಗಳು ಸರಿಯಾಗಿರಬೇಕು. ಆದುದರಿಂದ ಅದು ತೆರೆಯದಿದ್ದಾಗ ಏನು ಮಾಡಬೇಕೆಂಬ ತಿಳುವಳಿಕೆ ಪ್ರತಿಯೊಂದು ಮನೆಯವರಿಗೂ ಅವಶ್ಯ.

ಯಂತ್ರ ಚಾಲೂ ಆಗುವ ಬಗೆ

ಕೊಳವೆ ಬಾವಿಯ ಪಂಪ್‌ಸೆಟ್ಟನ್ನು ನೆನಪಿಸಿಕೊಂಡರೆ ಇದು ಸುಲಭವಾಗಿ ತಿಳಿಯುತ್ತದೆ. ಮೊದಲು ಲೈನಿನಲ್ಲಿ ಕರೆಂಟು ಬರಬೇಕು. ನಂತರ ಸ್ಟಾರ್ಟರ್ ಹಿಡಿಯಬೇಕು. ಮೋಟಾರು ತಿರುಗಬೇಕು. ಕೊನೆಗೆ ನೀರು ಮೇಲೆ ಬರಬೇಕು. ಇವುಗಳಲ್ಲಿ ಯಾವ ಹಂತದಲ್ಲಿ ತಡೆಯಾಗಿದೆ ಎಂದು ಗುರುತಿಸದೆ ಮೋಟಾರನ್ನು ಮೇಲೆತ್ತುವವರು ಯಾರೂ ಇಲ್ಲ.

ಗಣಕಯಂತ್ರದಲ್ಲಿಯೂ ಹೀಗೆಯೇ ನಾಲ್ಕು ಹಂತಗಳಿವೆ. ಗೋಡೆಯ ಸಾಕೆಟ್ಟಿನಿಂದ ಬಂದ 230 ವೋಲ್ಟ್ ವಿದ್ಯುತ್ತನ್ನು ಪೆಟ್ಟಿಗೆಯೊಳಗಿನ ಎಸ್.ಎಂ.ಪಿ.ಎಸ್. ಎಂಬ ಭಾಗವು 12, 5 ಹಾಗೂ 3.3 ವೋಲ್ಟ್‌ಗಳಿಗೆ ಇಳಿಸಿ ಏಕಮುಖ ವಿದ್ಯುತ್ತನ್ನಾಗಿ ಮಾರ್ಪಡಿಸುತ್ತದೆ. ಇದು ಮೊದಲ ಹಂತ. ಎರಡನೆಯದಾಗಿ ಮದರ್‌ಬೋರ್ಡ್ ಎಂಬ ಮುಖ್ಯ ಫಲಕವು ತನ್ನ ಭಾಗಗಳಾದ ರ‍್ಯಾಮ್, ಕೀಲಿಮಣೆ, ಪರದೆ ಮುಂತಾದವು ಇವೆಯೇ ಎಂದು ಪರೀಕ್ಷಿಸಿಕೊಳ್ಳುತ್ತದೆ. ಮೂರನೆಯದಾಗಿ ಹಾರ್ಡ್ ಡಿಸ್ಕನ್ನು ಹುಡುಕುತ್ತದೆ. ನಾಲ್ಕನೆಯದಾಗಿ ಅದರಲ್ಲಿರುವ ವಿಂಡೋಸ್ ಅಥವಾ ಲಿನಕ್ಸ್ ವ್ಯವಸ್ಥೆಯನ್ನು ಓದಿ ನಡೆಸಲು ಪ್ರಾರಂಭಿಸುತ್ತದೆ. ಯಂತ್ರವು ಯಾವ ಹಂತದಲ್ಲಿ ನಿಂತಿದೆ ಎಂಬುದು ತಿಳಿದರೆ ಅರ್ಧ ದುರುಸ್ತಿ ಮುಗಿದಂತೆಯೇ.

ಒಂದನೆಯ ಲಕ್ಷಣ: ದೀಪವೂ ಇಲ್ಲ, ಫ್ಯಾನಿನ ಸಪ್ಪಳವೂ ಇಲ್ಲ

ಇದು ಬಹುತೇಕ ವಿದ್ಯುತ್ತಿಗೆ ಸಂಬಂಧಿಸಿದ ದೋಷ. ಈ ಕೆಳಗಿನ ಕ್ರಮದಲ್ಲಿ ಪರೀಕ್ಷಿಸಬೇಕು.

1. ಸಾಕೆಟ್ಟಿನಲ್ಲಿ ಕರೆಂಟು ಇದೆಯೇ? ಅದೇ ಸಾಕೆಟ್ಟಿಗೆ ಮೇಜಿನ ಫ್ಯಾನು ಹಚ್ಚಿ ನೋಡಬೇಕು. ಮೊಬೈಲ್ ಚಾರ್ಜರ್ ನಡೆಯಿತೆಂದ ಮಾತ್ರಕ್ಕೆ ವೋಲ್ಟೇಜ್ ಸರಿಯಿದೆ ಎಂದು ತಿಳಿಯಬಾರದು. ಬಹಳಷ್ಟು ಚಾರ್ಜರ್‌ಗಳು 100 ವೋಲ್ಟ್‌ನಲ್ಲಿಯೂ ನಡೆಯುತ್ತವೆ. ಕಡಿಮೆ ಬೆಲೆಯ ಅನೇಕ ಎಸ್.ಎಂ.ಪಿ.ಎಸ್.ಗಳು ವೋಲ್ಟೇಜ್ ಬಹಳ ಇಳಿದಾಗ ಚಾಲೂ ಆಗುವುದೇ ಇಲ್ಲ. ಫ್ಯಾನು ಮಂದವಾಗಿ ತಿರುಗುತ್ತಿದ್ದರೆ ಯಂತ್ರದಲ್ಲಿ ದೋಷವಿಲ್ಲದೆ ಇರಬಹುದು. ವೋಲ್ಟೇಜ್ ಏರುವವರೆಗೆ ಕಾಯುವುದು ಲೇಸು.

2. ಯು.ಪಿ.ಎಸ್. ಸರಿಯಿದೆಯೇ? ಮನೆಯ ಸಣ್ಣ ಯು.ಪಿ.ಎಸ್.ಗಳಲ್ಲಿ ಸಾಮಾನ್ಯವಾಗಿ 12 ವೋಲ್ಟ್, 7 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿ ಇರುತ್ತದೆ. ಎರಡು ಮೂರು ವರ್ಷಗಳಲ್ಲಿ ಇದು ಮುಪ್ಪಾಗುತ್ತದೆ. ಬೇಸಿಗೆಯ ಸೆಕೆಯಲ್ಲಿ ಇನ್ನೂ ಬೇಗ. ಬ್ಯಾಟರಿ ಸತ್ತ ಕೆಲವು ಯು.ಪಿ.ಎಸ್.ಗಳು ಲೈನಿನಲ್ಲಿ ಕರೆಂಟಿದ್ದರೂ ಯಂತ್ರಕ್ಕೆ ಕೊಡುವುದಿಲ್ಲ. ಯು.ಪಿ.ಎಸ್. ಬಿಟ್ಟು ಯಂತ್ರದ ಪಿನ್ನನ್ನು ನೇರವಾಗಿ ಗೋಡೆಯ ಸಾಕೆಟ್ಟಿಗೆ ಹಾಕಿ ನೋಡಬೇಕು. ಚಾಲೂ ಆದರೆ ದೋಷ ಯು.ಪಿ.ಎಸ್.ನದು. ಬ್ಯಾಟರಿಯೊಂದನ್ನು ಬದಲಿಸಿದರೆ ಸಾಕಾಗುವ ಇಂತಹ ಪ್ರಸಂಗದಲ್ಲಿ ಇಡೀ ಪೆಟ್ಟಿಗೆಯನ್ನು ಬಸ್ಸಿನಲ್ಲಿ ಹೇರಿಕೊಂಡು ಪಟ್ಟಣಕ್ಕೆ ಹೋಗುವ ಕಾರಣವಿಲ್ಲ.

3. ವೈರಿನ ಸ್ಥಿತಿ ಹೇಗಿದೆ? ಪೆಟ್ಟಿಗೆಯ ಹಿಂಬದಿಯ ಪವರ್ ಕೇಬಲ್ ಸಡಿಲಾಗಿರಬಹುದು. ಕಾಳು ಸಂಗ್ರಹಿಸಿದ ಮನೆಗಳಲ್ಲಿ ಇಲಿಗಳು ವೈರನ್ನು ಕಡಿಯುವುದು ಸಾಮಾನ್ಯ. ಕಡಿದ ವೈರಿಗೆ ಟೇಪು ಸುತ್ತಿ ಬಳಸಕೂಡದು, ಹೊಸದನ್ನೇ ಹಾಕಬೇಕು. ಪರದೆಗೂ ಪೆಟ್ಟಿಗೆಗೂ ಅನೇಕ ವೇಳೆ ಒಂದೇ ಬಗೆಯ ಪವರ್ ಕೇಬಲ್ ಇರುವುದರಿಂದ ಅದಲು ಬದಲು ಮಾಡಿ ಪರೀಕ್ಷಿಸುವುದು ಸುಲಭ.

4. ಹಿಂಬದಿಯ ಸಣ್ಣ ಸ್ವಿಚ್ಚು ಆನ್ ಇದೆಯೇ? ಎಸ್.ಎಂ.ಪಿ.ಎಸ್. ಮೇಲೆ ಒಂದು ಸ್ವಿಚ್ಚು ಇರುತ್ತದೆ. ಕಸ ಹೊಡೆಯುವಾಗ ಅದು ಆಫ್ ಆಗಿರುವ ಸಂಭವವಿದೆ. ಹಳೆಯ ಯಂತ್ರಗಳಲ್ಲಿ 115 ಮತ್ತು 230 ಎಂದು ಬರೆದ ಕೆಂಪು ಗುಂಡಿಯೂ ಇರುತ್ತದೆ. ಅದು ಸದಾ 230ರ ಕಡೆಗೇ ಇರಬೇಕು. 115ಕ್ಕೆ ಸರಿಸಿ ಕರೆಂಟು ಕೊಟ್ಟರೆ ಎಸ್.ಎಂ.ಪಿ.ಎಸ್. ಸುಡುತ್ತದೆ.

5. ಮುಂಭಾಗದ ಗುಂಡಿ ಧೂಳಿನಿಂದ ಒಳಗೆ ಸಿಕ್ಕಿಕೊಂಡಿದೆಯೇ? ಒತ್ತಿದಾಗ ಟಕ್ಕೆಂದು ಮರಳಿ ಮೇಲೆ ಬರಬೇಕು.

ಇಷ್ಟಾದರೂ ಚಾಲೂ ಆಗದಿದ್ದರೆ ಪಿನ್ನು ತೆಗೆದು, ಮುಂಭಾಗದ ಗುಂಡಿಯನ್ನು 20 ಸೆಕೆಂಡು ಒತ್ತಿ ಹಿಡಿದು, ಮತ್ತೆ ಪಿನ್ನು ಹಾಕಿ ಒಮ್ಮೆ ಪ್ರಯತ್ನಿಸಬೇಕು. ಒಳಗೆ ಉಳಿದ ವಿದ್ಯುತ್ತು ಇಳಿದು ಹೋಗುವುದರಿಂದ ಕೆಲವೊಮ್ಮೆ ಯಂತ್ರ ಸರಿಯಾಗುತ್ತದೆ. ಫ್ಯಾನು ಒಂದು ಸುತ್ತು ತಿರುಗಿ ಕೂಡಲೇ ನಿಲ್ಲುತ್ತಿದ್ದರೆ ಒಳಗೆಲ್ಲೋ ಶಾರ್ಟ್ ಆಗಿ ಎಸ್.ಎಂ.ಪಿ.ಎಸ್. ತನ್ನನ್ನು ತಾನೇ ರಕ್ಷಿಸಿಕೊಳ್ಳುತ್ತಿರಬಹುದು. ಮುದ್ರಣ ಯಂತ್ರ, ಪೆನ್ ಡ್ರೈವ್ ಮುಂತಾದವನ್ನೆಲ್ಲ ತೆಗೆದು ನೋಡಿ, ಮತ್ತೂ ಹಾಗೆಯೇ ಆದರೆ ತಂತ್ರಜ್ಞರಿಗೆ ಒಪ್ಪಿಸಬೇಕು. ಸುಟ್ಟ ವಾಸನೆ ಬಂದಲ್ಲಿ ಮತ್ತೊಮ್ಮೆ ಕರೆಂಟು ಕೊಡಲೇಬಾರದು.

ಎಚ್ಚರಿಕೆ: ಎಸ್.ಎಂ.ಪಿ.ಎಸ್. ಪೆಟ್ಟಿಗೆಯನ್ನು ಮನೆಯಲ್ಲಿ ಯಾವ ಕಾರಣಕ್ಕೂ ಬಿಚ್ಚಕೂಡದು. ಅದರೊಳಗಿನ ಕೆಪ್ಯಾಸಿಟರ್‌ಗಳಲ್ಲಿ 300 ವೋಲ್ಟ್‌ಗೂ ಮಿಕ್ಕಿದ ವಿದ್ಯುತ್ತು ಸಂಗ್ರಹವಾಗಿದ್ದು, ಪಿನ್ನು ತೆಗೆದ ನಂತರವೂ ಸ್ವಲ್ಪ ಹೊತ್ತು ಉಳಿದಿರುತ್ತದೆ. ಇದು ಪ್ರಾಣಾಪಾಯದ ಸಂಗತಿ.

ಎರಡನೆಯ ಲಕ್ಷಣ: ಫ್ಯಾನು ತಿರುಗುತ್ತದೆ, ಪರದೆ ಕಪ್ಪಾಗಿದೆ

ಮೊದಲು ಪರದೆಯನ್ನೇ ಪರೀಕ್ಷಿಸಬೇಕು. ಅದರ ದೀಪ ಉರಿಯುತ್ತಿದೆಯೇ, ಪೆಟ್ಟಿಗೆಯಿಂದ ಪರದೆಗೆ ಹೋಗುವ ಕೇಬಲ್ ಎರಡೂ ತುದಿಗಳಲ್ಲಿ ಬಿಗಿಯಾಗಿದೆಯೇ ಎಂದು ನೋಡಬೇಕು. ಯಂತ್ರಕ್ಕೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡು ಇದ್ದರೆ ಕೇಬಲ್ ಆ ಕಾರ್ಡಿಗೇ ಸೇರಿರಬೇಕು. ಪರದೆಯ ಮೇಲೆ ಸಿಗ್ನಲ್ ಇಲ್ಲ ಎಂಬ ಅರ್ಥದ ಅಕ್ಷರಗಳು ಬಂದರೆ ಪರದೆ ಸರಿಯಿದೆ, ಪೆಟ್ಟಿಗೆಯಿಂದ ಚಿತ್ರ ಬರುತ್ತಿಲ್ಲ ಎಂದು ತಿಳಿಯತಕ್ಕದ್ದು.

ಇಂತಹ ಸಂದರ್ಭದಲ್ಲಿ ಹೆಚ್ಚಾಗಿ ಕಂಡುಬರುವ ದೋಷವೆಂದರೆ ರ‍್ಯಾಮ್ ಪಟ್ಟಿಯ ಸಂಪರ್ಕ ಕೆಡುವುದು. ಯಂತ್ರವು ಬೀಪ್ ಬೀಪ್ ಎಂದು ಕೂಗುವುದೂ ಉಂಟು. ಎಷ್ಟು ಸಲ ಕೂಗಿತು, ಉದ್ದವೋ ಗಿಡ್ಡವೋ ಎಂಬುದನ್ನು ಬರೆದಿಟ್ಟುಕೊಳ್ಳಬೇಕು. ಅದರ ಅರ್ಥ ತಯಾರಕರಿಂದ ತಯಾರಕರಿಗೆ ಬೇರೆಯಾಗಿದ್ದರೂ ದುರುಸ್ತಿ ಮಾಡುವವರಿಗೆ ಅದು ಉತ್ತಮ ಸುಳಿವು.

ಗದಗ, ಮುಂಡರಗಿ, ಶಿರಹಟ್ಟಿ ಹಾಗೂ ಲಕ್ಷ್ಮೇಶ್ವರ ಭಾಗಗಳಲ್ಲಿ ಗಾಳಿ ಜೋರು. ಎರೆ ಮಣ್ಣಿನ ನುಣುಪಾದ ಧೂಳು ಹಾಗೂ ರಾಶಿಯ ಕಾಲದ ಹೊಟ್ಟು ಪೆಟ್ಟಿಗೆಯ ಕಿಂಡಿಗಳ ಮೂಲಕ ಒಳಸೇರುತ್ತವೆ. ಮಳೆಗಾಲದಲ್ಲಿ ಈ ಧೂಳು ತೇವ ಹೀರಿ ರ‍್ಯಾಮ್ ಪಟ್ಟಿಯ ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಪೊರೆಯಂತೆ ಕುಳಿತುಕೊಳ್ಳುತ್ತದೆ. ಇದನ್ನು ಶುಚಿಗೊಳಿಸುವ ವಿಧಾನ ಹೀಗಿದೆ:

ಅ) ಪಿನ್ನನ್ನು ಸಾಕೆಟ್ಟಿನಿಂದ ಪೂರ್ತಿ ತೆಗೆಯಬೇಕು. ಸ್ವಿಚ್ಚು ಆರಿಸಿದರೆ ಸಾಲದು. ನಂತರ ಮುಂಭಾಗದ ಗುಂಡಿಯನ್ನು ಕೆಲ ಸೆಕೆಂಡು ಒತ್ತಬೇಕು.

ಆ) ಪಕ್ಕದ ತಗಡನ್ನು ಬಿಚ್ಚಿ, ಪೆಟ್ಟಿಗೆಯ ಬಣ್ಣವಿಲ್ಲದ ಲೋಹದ ಭಾಗವನ್ನು ಕೈಯಿಂದ ಮುಟ್ಟಬೇಕು. ಚಳಿಗಾಲದ ಒಣ ಹವೆಯಲ್ಲಿ ಮೈಯಲ್ಲಿರುವ ಸ್ಥಿರ ವಿದ್ಯುತ್ತು ಸೂಕ್ಷ್ಮ ಭಾಗಗಳನ್ನು ಕೆಡಿಸಬಲ್ಲದು. ಹೀಗೆ ಮುಟ್ಟುವುದರಿಂದ ಅದು ಇಳಿಯುತ್ತದೆ.

ಇ) ರ‍್ಯಾಮ್ ಪಟ್ಟಿಯ ತುದಿಯ ಹಿಡಿಕೆಗಳನ್ನು ಬದಿಗೆ ಸರಿಸಿ ಪಟ್ಟಿಯನ್ನು ನೇರವಾಗಿ ಮೇಲೆತ್ತಬೇಕು. ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ಮೆತ್ತನೆಯ ರಬ್ಬರಿನಿಂದ ಹಗುರವಾಗಿ ತಿಕ್ಕಿ, ಒಣ ಬಟ್ಟೆಯಿಂದ ಒರೆಸಬೇಕು. ಉಸುಕಿನ ಕಾಗದ ಬಳಸಕೂಡದು.

ಈ) ಪಟ್ಟಿಯ ಕಚ್ಚನ್ನು ಜಾಗದ ಉಬ್ಬಿಗೆ ಸರಿಹೊಂದಿಸಿ ಟಕ್ಕೆನ್ನುವವರೆಗೆ ಸಮನಾಗಿ ಒತ್ತಬೇಕು. ಎರಡು ಪಟ್ಟಿಗಳಿದ್ದಲ್ಲಿ ಒಂದೊಂದನ್ನೇ ಹಾಕಿ ಪರೀಕ್ಷಿಸಿದರೆ ಕೆಟ್ಟದ್ದು ಯಾವುದೆಂದು ತಿಳಿಯುತ್ತದೆ.

ಪೆಟ್ಟಿಗೆ ತೆರೆದಾಗಲೇ ಮದರ್‌ಬೋರ್ಡಿನ ಮೇಲಿನ ಸಣ್ಣ ಡಬ್ಬಿಯಾಕಾರದ ಕೆಪ್ಯಾಸಿಟರ್‌ಗಳ ತಲೆ ಉಬ್ಬಿದೆಯೇ, ಇರುವೆಗಳು ಗೂಡು ಕಟ್ಟಿವೆಯೇ, ಹಲ್ಲಿ ಸತ್ತು ಬಿದ್ದಿದೆಯೇ ಎಂದು ಕಣ್ಣಾಡಿಸಬೇಕು. ಉಬ್ಬಿದ ಕೆಪ್ಯಾಸಿಟರ್ ಕಂಡರೆ ಅದು ಮನೆಯ ದುರುಸ್ತಿಗೆ ಮೀರಿದ್ದು.

ಮೂರನೆಯ ಲಕ್ಷಣ: ಪರದೆಯ ಮೇಲೆ ಅಕ್ಷರ ಮೂಡಿ ನಿಲ್ಲುತ್ತದೆ

ಇಲ್ಲಿ ಯಂತ್ರವೇ ತನ್ನ ದೋಷವನ್ನು ಬರೆದು ತೋರಿಸುತ್ತಿರುತ್ತದೆ. ಅಕ್ಷರಗಳು ಅರ್ಥವಾಗದಿದ್ದರೂ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಬೇಕು. ಸಾಮಾನ್ಯವಾಗಿ ಎರಡು ಕಾರಣಗಳಿರುತ್ತವೆ.

ಮೊದಲನೆಯದು, ದಿನಾಂಕ ಹಾಗೂ ವೇಳೆ ತಪ್ಪಿದೆ ಎಂದು ತಿಳಿಸಿ ಎಫ್ 1 ಒತ್ತಲು ಹೇಳುವುದು. ಮದರ್‌ಬೋರ್ಡಿನ ಮೇಲೆ ನಾಣ್ಯದಾಕಾರದ ಸಿ.ಆರ್. 2032 ಎಂಬ 3 ವೋಲ್ಟ್ ಬ್ಯಾಟರಿ ಇರುತ್ತದೆ. ಯಂತ್ರ ಆರಿದಾಗಲೂ ಗಡಿಯಾರ ನಡೆಸುವುದು ಇದೇ. ಕೆಲವು ವರ್ಷಗಳ ನಂತರ ಇದು ಖಾಲಿಯಾಗುತ್ತದೆ. ಕಡಿಮೆ ಬೆಲೆಯ ಈ ಬ್ಯಾಟರಿಯನ್ನು ಅಧಿಕ ಗುರುತು ಮೇಲೆ ಬರುವಂತೆ ಬದಲಿಸಿ ದಿನಾಂಕ ಸರಿಪಡಿಸಿದರೆ ಸಾಕು. ಬದಲಿಸದೆ ಮುಂದೆ ನಡೆಸಿದರೆ ಇನ್ನೊಂದು ತೊಂದರೆಯುಂಟು. ದಿನಾಂಕ ಹಲವು ವರ್ಷ ಹಿಂದಕ್ಕೆ ಹೋದ ಯಂತ್ರದಲ್ಲಿ ಸರಕಾರಿ ಹಾಗೂ ಬ್ಯಾಂಕುಗಳ ಜಾಲತಾಣಗಳು ತೆರೆಯುವುದಿಲ್ಲ. ಮನೆಯವರು ಇಂಟರ್‌ನೆಟ್ ಕೆಟ್ಟಿದೆ ಎಂದು ಭಾವಿಸುತ್ತಾರೆ.

ಎರಡನೆಯದು, ಡಿಸ್ಕು ಸಿಗುತ್ತಿಲ್ಲ ಎಂಬ ಸೂಚನೆ. ಮರೆತು ಬಿಟ್ಟ ಪೆನ್ ಡ್ರೈವ್ ಅಥವಾ ಸಿ.ಡಿ. ಇದ್ದರೆ ಮೊದಲು ತೆಗೆಯಬೇಕು. ಯಂತ್ರವು ಅದರಲ್ಲಿಯೇ ವಿಂಡೋಸ್ ಹುಡುಕುತ್ತ ನಿಂತಿರಬಹುದು. ನಂತರ ಕರೆಂಟು ತೆಗೆದು, ಹಾರ್ಡ್ ಡಿಸ್ಕಿನ ಎರಡು ಕೇಬಲ್‌ಗಳನ್ನು ತೆಗೆದು ಹಾಕಬೇಕು. ಡಿಸ್ಕಿನಿಂದ ಟಕ್ ಟಕ್ ಎಂಬ ಸಪ್ಪಳ ಒಂದೇ ಸಮನೆ ಬರುತ್ತಿದ್ದರೆ ಯಂತ್ರವನ್ನು ಕೂಡಲೇ ನಿಲ್ಲಿಸತಕ್ಕದ್ದು. ಡಿಸ್ಕಿನೊಳಗಿನ ಓದುವ ಭಾಗ ಕೆಟ್ಟಿರುವ ಗುರುತು ಅದು. ಮತ್ತೆ ಮತ್ತೆ ಚಾಲೂ ಮಾಡಿದಷ್ಟೂ ಒಳಗಿನ ದಾಖಲೆಗಳು ಹಾಳಾಗುತ್ತವೆ.

ನಾಲ್ಕನೆಯ ಲಕ್ಷಣ: ವಿಂಡೋಸ್ ಅರ್ಧಕ್ಕೆ ನಿಲ್ಲುತ್ತದೆ ಅಥವಾ ನಡೆಯುತ್ತಲೇ ಆರುತ್ತದೆ

ನವೀಕರಣ ನಡೆಯುತ್ತಿರುವಾಗ ಕರೆಂಟು ಹೋದರೆ ವಿಂಡೋಸ್ ಕೆಡುವ ಸಂಭವ ಹೆಚ್ಚು. ವಿಂಡೋಸ್ 10 ಹಾಗೂ 11ರಲ್ಲಿ ಚಾಲನೆ ಸತತವಾಗಿ ಎರಡು ಮೂರು ಬಾರಿ ವಿಫಲವಾದರೆ ದುರುಸ್ತಿಯ ಪರದೆ ತಾನಾಗಿಯೇ ಬರುತ್ತದೆ. ಅದರಲ್ಲಿ ಸ್ಟಾರ್ಟಪ್ ರಿಪೇರ್ ಎಂಬುದನ್ನು ಮೊದಲು, ಸೇಫ್ ಮೋಡ್ ಎಂಬುದನ್ನು ನಂತರ ಪ್ರಯತ್ನಿಸಬಹುದು. ಸೇಫ್ ಮೋಡ್‌ನಲ್ಲಿ ತೆರೆದರೆ ಬೇರೆ ಏನನ್ನೂ ಮಾಡುವ ಮೊದಲು ಅವಶ್ಯಕ ಕಡತಗಳನ್ನು ಪೆನ್ ಡ್ರೈವಿಗೆ ನಕಲು ಮಾಡಿಕೊಳ್ಳಬೇಕು. ಎಲ್ಲವನ್ನೂ ಅಳಿಸುವ ಆಯ್ಕೆಯನ್ನು ತಿಳಿಯದೆ ಒತ್ತಬಾರದು.

ವಿಂಡೋಸ್ 10ಕ್ಕೆ ತಯಾರಕರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇದರಿಂದ ಸುರಕ್ಷತೆ ಕಡಿಮೆಯಾಗುವುದು ನಿಜ. ಆದರೆ ಯಂತ್ರ ಚಾಲೂ ಆಗದಿರಲು ಅದು ಕಾರಣವಲ್ಲ. ಹಳೆಯದಾಯಿತು, ಹೊಸದನ್ನೇ ಕೊಳ್ಳಿರಿ ಎಂಬ ಸಲಹೆಯನ್ನು ಪರೀಕ್ಷಿಸದೆ ಒಪ್ಪಬೇಕಾಗಿಲ್ಲ.

ಹತ್ತು ಹದಿನೈದು ನಿಮಿಷ ನಡೆದು ತಾನಾಗಿಯೇ ಆರುವ ಯಂತ್ರದಲ್ಲಿ ಬಹುತೇಕ ಉಷ್ಣತೆಯ ದೋಷವಿರುತ್ತದೆ. ಸಂಸ್ಕಾರಕದ ಮೇಲಿನ ಫ್ಯಾನಿನ ಕೆಳಗೆ ಧೂಳು ಕಂಬಳಿಯಂತೆ ಹಾಸಿಕೊಂಡು ಗಾಳಿಯನ್ನು ತಡೆಯುತ್ತದೆ. ಕರೆಂಟು ತೆಗೆದು, ಮೆತ್ತನೆಯ ಒಣ ಬ್ರಷ್ಷಿನಿಂದ ಧೂಳು ತೆಗೆಯಬೇಕು. ಗಾಳಿ ಊದುವ ಯಂತ್ರ ಬಳಸಿದರೆ ಫ್ಯಾನು ತಿರುಗದಂತೆ ಬೆರಳಿನಿಂದ ಹಿಡಿಯಬೇಕು.

ಮಡಿಲ ಗಣಕ ಅಥವಾ ಲ್ಯಾಪ್‌ಟಾಪ್ ಇದ್ದಲ್ಲಿ ಚಾರ್ಜರಿನ ದೀಪವನ್ನು ನೋಡಿ, ಚಾರ್ಜರ್ ತೆಗೆದು ಗುಂಡಿಯನ್ನು 30 ಸೆಕೆಂಡು ಒತ್ತಿ, ಮರಳಿ ಚಾರ್ಜರ್ ಹಚ್ಚಿ ಪ್ರಯತ್ನಿಸಬೇಕು. ಬ್ಯಾಟರಿ ಉಬ್ಬಿ ಕೀಲಿಮಣೆ ಮೇಲೆದ್ದಿದ್ದರೆ ಬಳಕೆಯನ್ನು ತಕ್ಷಣ ನಿಲ್ಲಿಸಬೇಕು. ಅದು ಬೆಂಕಿಗೆ ಕಾರಣವಾಗಬಲ್ಲದು.

ಭೂಸಂಪರ್ಕದ ಮಹತ್ವ

ಪೆಟ್ಟಿಗೆಯನ್ನು ಮುಟ್ಟಿದಾಗ ಕೈ ಜುಮ್ಮೆನ್ನುತ್ತದೆ ಎಂಬ ದೂರು ಹಳ್ಳಿಗಳಲ್ಲಿ ಸಾಮಾನ್ಯ. ಅನೇಕರು ಇದನ್ನು ಯಂತ್ರದ ಗುಣವೆಂದು ಬಿಟ್ಟುಬಿಡುತ್ತಾರೆ. ವಾಸ್ತವವಾಗಿ ಇದು ಅರ್ಥಿಂಗ್ ಇಲ್ಲವೆಂಬ ಸೂಚನೆ. ಎಸ್.ಎಂ.ಪಿ.ಎಸ್. ಒಳಗಿನ ಶೋಧಕ ಭಾಗದಿಂದ ಅತ್ಯಲ್ಪ ವಿದ್ಯುತ್ತು ಪೆಟ್ಟಿಗೆಗೆ ಬರುತ್ತಿರುತ್ತದೆ. ಮೂರು ಪಿನ್ನುಗಳಲ್ಲಿ ಉದ್ದವಾದ ದಪ್ಪ ಪಿನ್ನು ಅದನ್ನು ಭೂಮಿಗೆ ಇಳಿಸಬೇಕು. ಆ ದಾರಿ ಇಲ್ಲದಿದ್ದರೆ ಅದು ಮುಟ್ಟಿದವರ ಮೈಯ ಮೂಲಕ ಇಳಿಯುತ್ತದೆ. ಇಂದು ಜುಮ್ಮೆನ್ನುವ ಯಂತ್ರದಲ್ಲಿ ನಾಳೆ ವೈರು ತಗಡಿಗೆ ತಗುಲಿದರೆ ಅಪಾಯ ಖಚಿತ.

ಅರ್ಥಿಂಗ್ ಇದ್ದರೂ ಎರೆ ಭೂಮಿಯಲ್ಲಿ ವಿಶೇಷ ನಿಗಾ ಬೇಕು. ಬೇಸಿಗೆಯಲ್ಲಿ ಎರೆ ಮಣ್ಣು ಒಣಗಿ ಬಿರಿಯುವುದರಿಂದ ಕೊಳವೆಗೂ ಮಣ್ಣಿಗೂ ಇರುವ ಸಂಪರ್ಕ ಕಡಿದು ಹೋಗುತ್ತದೆ. ಸುಮಾರು 2.5 ಮೀಟರ್ ಉದ್ದದ ಜಿ.ಐ. ಕೊಳವೆಯ ಸುತ್ತ ಇದ್ದಿಲು ಹಾಗೂ ಉಪ್ಪು ತುಂಬಿ, ಬೇಸಿಗೆಯಲ್ಲಿ ಆಗಾಗ ನೀರು ಹಾಕುತ್ತಿರಬೇಕು. ಈ ಕೆಲಸವನ್ನು ಪರವಾನಗಿ ಪಡೆದ ವಿದ್ಯುತ್ ಕೆಲಸಗಾರರಿಂದಲೇ ಮಾಡಿಸತಕ್ಕದ್ದು.

ಊರಿನ ಟಿ.ಸಿ.ಯಲ್ಲಿ ನ್ಯೂಟ್ರಲ್ ತಂತಿ ಕಡಿದಾಗ ಕೆಲವು ಮನೆಗಳ ದೀಪ ಮಂಕಾಗಿ, ಕೆಲವು ಮನೆಗಳ ದೀಪ ಕಣ್ಣು ಕೋರೈಸುವಂತೆ ಉರಿಯುತ್ತದೆ. ಆಗ ವೋಲ್ಟೇಜ್ 400ರ ಸಮೀಪಕ್ಕೂ ಏರಬಹುದು. ಇಂತಹ ಲಕ್ಷಣ ಕಂಡಕೂಡಲೇ ಎಲ್ಲ ಪಿನ್ನುಗಳನ್ನು ತೆಗೆದು ಲೈನ್‌ಮನ್‌ರಿಗೆ ತಿಳಿಸಬೇಕು.

ಯಂತ್ರಕ್ಕಿಂತ ದಾಖಲೆ ದೊಡ್ಡದು

ಎಸ್.ಎಂ.ಪಿ.ಎಸ್., ರ‍್ಯಾಮ್, ಪರದೆ ಇವೆಲ್ಲ ಪೇಟೆಯಲ್ಲಿ ಸಿಗುತ್ತವೆ. ಸಂಘದ ಐದು ವರ್ಷದ ಲೆಕ್ಕ, ಹೊಲದ ಕಾಗದಗಳ ಪ್ರತಿ, ತೀರಿಕೊಂಡ ಹಿರಿಯರ ಭಾವಚಿತ್ರಗಳು ಯಾವ ಪೇಟೆಯಲ್ಲಿಯೂ ಸಿಗುವುದಿಲ್ಲ. ಯಂತ್ರ ಚಾಲೂ ಆಗದಿದ್ದರೆ ದಾಖಲೆಗಳು ಹೋದವೆಂದು ಅರ್ಥವಲ್ಲ. ಎಸ್.ಎಂ.ಪಿ.ಎಸ್. ಸುಟ್ಟರೂ ಅನೇಕ ವೇಳೆ ಹಾರ್ಡ್ ಡಿಸ್ಕು ಸುರಕ್ಷಿತವಾಗಿರುತ್ತದೆ. ಅದನ್ನು ಬೇರೆ ಯಂತ್ರಕ್ಕೆ ಜೋಡಿಸಿ ಓದಲು ಸಾಧ್ಯವಿದೆ.

ದಾಖಲೆಗಳು ನಿಜವಾಗಿ ನಾಶವಾಗುವುದು ಹೆಚ್ಚಾಗಿ ದುರುಸ್ತಿಯ ಕಾಲದಲ್ಲಿ, ಫಾರ್ಮ್ಯಾಟ್ ಮಾಡಿದಾಗ. ಯಂತ್ರವನ್ನು ದುರುಸ್ತಿಗೆ ಕೊಡುವಾಗ ಕಡತಗಳನ್ನು ನಕಲು ಮಾಡದೆ ಫಾರ್ಮ್ಯಾಟ್ ಮಾಡಕೂಡದು ಎಂದು ಚೀಟಿಯಲ್ಲಿ ಬರೆದು ಕೊಡಬೇಕು. ಯಾವ ಹಂತದಲ್ಲಿ ನಿಂತಿತು, ಅದಕ್ಕೂ ಮುನ್ನ ಏನಾಯಿತು, ಮನೆಯಲ್ಲಿ ಏನೇನು ಪರೀಕ್ಷಿಸಲಾಯಿತು ಎಂಬುದನ್ನೂ ತಿಳಿಸಬೇಕು. ಬದಲಿಸಿದ ಹಳೆಯ ಭಾಗವನ್ನು ಕೇಳಿ ಪಡೆಯಬೇಕು.

ಬಿತ್ತನೆ ಬೀಜವನ್ನು ಒಂದೇ ಚೀಲದಲ್ಲಿ, ಒಂದೇ ಮೂಲೆಯಲ್ಲಿ ಇಡದಿರುವುದು ರೈತರ ರೂಢಿ. ಮುಖ್ಯ ದಾಖಲೆಗಳ ಒಂದು ಪ್ರತಿಯನ್ನು ಪೆನ್ ಡ್ರೈವಿನಲ್ಲಿ, ಇನ್ನೊಂದನ್ನು ಅಂತರ್ಜಾಲದ ಸಂಗ್ರಹದಲ್ಲಿ ಅಥವಾ ಸಂಬಂಧಿಕರ ಯಂತ್ರದಲ್ಲಿ ಇಡಬೇಕು. ಸಂಘದ ಲೆಕ್ಕವನ್ನು ತಿಂಗಳಿಗೊಮ್ಮೆ ಕಾಗದದ ಮೇಲೆ ಮುದ್ರಿಸಿಕೊಳ್ಳುವುದು ಇನ್ನೂ ಉತ್ತಮ.

ಋತುಮಾನಕ್ಕೆ ತಕ್ಕ ಮುನ್ನೆಚ್ಚರಿಕೆ

ಜನವರಿಯಿಂದ ಮಾರ್ಚ್: ಕಡಲೆ, ಬಿಳಿಜೋಳ, ಕುಸುಬೆಯ ರಾಶಿಯ ಕಾಲ. ಯಂತ್ರಕ್ಕೆ ಬಟ್ಟೆ ಹೊದಿಸಿಡಬೇಕು. ಚಾಲೂ ಮಾಡುವಾಗ ಬಟ್ಟೆಯನ್ನು ಪೂರ್ತಿ ತೆಗೆಯಬೇಕು. ರಾಶಿ ಮುಗಿದ ಮೇಲೆ ಒಮ್ಮೆ ಒಳಗಿನ ಧೂಳು ತೆಗೆಯಬೇಕು.

ಏಪ್ರಿಲ್ ಮತ್ತು ಮೇ: ಗುಡುಗು ಸಿಡಿಲಿನ ಅಡ್ಡಮಳೆಯ ಕಾಲ. ಮೋಡ ಕಟ್ಟಿದೊಡನೆ ಪವರ್ ಪಿನ್ನು ಹಾಗೂ ಇಂಟರ್‌ನೆಟ್ ಕೇಬಲ್ ಎರಡನ್ನೂ ತೆಗೆಯಬೇಕು. ಹತ್ತಿರ ಬಡಿದ ಸಿಡಿಲನ್ನು ಯಾವ ಸ್ಪೈಕ್ ಗಾರ್ಡ್ ಕೂಡ ತಡೆಯಲಾರದು. ಸಿಡಿಲು ಪ್ರಾರಂಭವಾದ ಮೇಲೆ ವೈರು ಮುಟ್ಟಲು ಹೋಗಬಾರದು.

ಜೂನ್‌ನಿಂದ ಅಕ್ಟೋಬರ್: ಸೋರುವ ಮಾಳಿಗೆ ಹಾಗೂ ತೇವದ ಗೋಡೆಯಿಂದ ಯಂತ್ರವನ್ನು ಒಂದು ಮೊಳ ದೂರವಿಡಬೇಕು. ವಾರಕ್ಕೆ ಎರಡು ಸಲವಾದರೂ ಅರ್ಧ ಗಂಟೆ ನಡೆಸಿದರೆ ಒಳಗಿನ ತೇವ ಆರುತ್ತದೆ.

ನವೆಂಬರ್ ಮತ್ತು ಡಿಸೆಂಬರ್: ಸುಗ್ಗಿಯ ಕಾಳು ಮನೆಗೆ ಬರುವುದರಿಂದ ಇಲಿಗಳ ಕಾಟ ಹೆಚ್ಚು. ಪೆಟ್ಟಿಗೆಯ ಹಿಂಬದಿಯ ತೆರೆದ ಕಿಂಡಿಗಳಿಗೆ ತಗಡಿನ ಪಟ್ಟಿ ಹಾಕಬೇಕು. ಗಾಳಿ ಬರುವ ಜಾಲರಿಯನ್ನು ಮಾತ್ರ ಮುಚ್ಚಬಾರದು.

ಕರೆಂಟು ಹೋಗಿ ಮರಳಿ ಬಂದಾಗ ಐದು ನಿಮಿಷ ಬಿಟ್ಟು ಯಂತ್ರ ಚಾಲೂ ಮಾಡುವ ರೂಢಿಯನ್ನು ವರ್ಷವಿಡೀ ಪಾಲಿಸಬೇಕು.

ಮೇಲಿನ ಪರೀಕ್ಷೆಗಳಲ್ಲಿ ಹೆಚ್ಚಿನವಕ್ಕೆ ಒಂದು ತಿರುಪುಳಿ, ಒಂದು ಬ್ರಷ್ಷು ಹಾಗೂ ಒಂದು ರಬ್ಬರ್ ಸಾಕು. ವಿಸ್ತರಣಾ ಕಾರ್ಯಕರ್ತರು ಗ್ರಾಮಗಳಲ್ಲಿ ಪಂಪ್‌ಸೆಟ್ಟಿನ ಆರೈಕೆಯನ್ನು ತೋರಿಸಿಕೊಡುವಂತೆ ಇದನ್ನೂ ಯುವಕ ಯುವತಿಯರಿಗೆ ಪ್ರಾತ್ಯಕ್ಷಿಕೆಯ ಮೂಲಕ ತೋರಿಸಿಕೊಡಬಹುದು. ರೈತ ಬಾಂಧವರು ಯಂತ್ರ ಕೆಟ್ಟಾಗ ಗಾಬರಿಯಾಗದೆ, ಕರೆಂಟಿನಿಂದ ಪ್ರಾರಂಭಿಸಿ ಒಂದೊಂದೇ ಹಂತವನ್ನು ಪರೀಕ್ಷಿಸಿದಲ್ಲಿ ಹಣ ಹಾಗೂ ವೇಳೆ ಎರಡೂ ಉಳಿಯುತ್ತವೆ. ಸದ್ಯ ಯಂತ್ರ ಸುಸ್ಥಿತಿಯಲ್ಲಿರುವ ಮನೆಗಳಲ್ಲಿ ಇಂದೇ ಮಾಡಬೇಕಾದ ಕೆಲಸ ಒಂದಿದೆ: ಮುಖ್ಯ ದಾಖಲೆಗಳ ಇನ್ನೊಂದು ಪ್ರತಿಯನ್ನು ಮಾಡಿ ಬೇರೆಡೆ ಇಡುವುದು.